ಚಳಿಗಾಲದಲ್ಲಿ ಹುರುಳಿಕಾಯಿಯ ಎಳೆಯ ಪೈರು

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಕಡೆಯ ವ್ಯವಸಾಯಗಾರರು, ರಾಗಿಯೊಡನೆ ಬಿತ್ತಿದ ಅವರೆಯು ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿ ಸೊಗಸಾಗಿ ಕಾಯಿಕಟ್ಟುವುದನ್ನು ಬಲ್ಲರು. ಇದನ್ನು ಕಂಡು, ಪೇಟೆಯಲ್ಲಿ ಬೀನ್ಸ್ ಎಂದು ಮಾರುವ ಹುರುಳಿಕಾಯಿಗೂ ಚಳಿ ಹಿತವೆಂದು ಭಾವಿಸುವುದು ತಪ್ಪು. ಅವರೆಯು ಮುಂಗಾರಿನಲ್ಲಿ ಮೊಳೆತು, ಆಳವಾಗಿ ಬೇರೂರಿ, ಹಗಲು ಕಿರಿದಾದಾಗ ಹೂಬಿಡುವ ಬಲಿತ ಗಿಡ. ಹುರುಳಿಕಾಯಿಯನ್ನಾದರೋ ಚಳಿಯ ನಡುವೆ ಬಿತ್ತಿದರೆ, ಎಳೆಯ ಸಸಿಯೇ ಅದಕ್ಕೆ ಸಿಕ್ಕಿ ನವೆಯುತ್ತದೆ.

ಸಸಿಯು ಮೊದಲ ಕೆಲವು ದಿನ ಬೀಜದಳಗಳ ಆಹಾರದಿಂದ ಬದುಕುವುದು. ಅನಂತರ ಎಲೆಗಳು ಸೂರ್ಯನ ಬೆಳಕಿನ ಬಲದಿಂದ ಅಂಗಾರಾಮ್ಲವಾಯುವನ್ನೂ ನೀರನ್ನೂ ಕೂಡಿಸಿ ಸಕ್ಕರೆಯನ್ನು ತಯಾರಿಸಬೇಕು. ಉಷ್ಣತೆಯು 15 ಡಿಗ್ರಿ ಸೆಂಟಿಗ್ರೇಡಿಗಿಂತ ಇಳಿದಾಗ ಈ ಕಾರ್ಯವು ಕುಂಠಿತವಾಗುವುದು. ತಯಾರಾದ ಸಕ್ಕರೆಯೂ ಬೇರಿಗೂ ಚಿಗುರಿಗೂ ಬೇಗನೆ ಸಾಗದು. 10 ಡಿಗ್ರಿಗಿಂತ ಕೆಳಗಾದರೆ ಎಲೆಗೇ ಹಾನಿಯುಂಟು. ತಣ್ಣನೆಯ ಇರುಳಿನ ಬೆನ್ನಿಗೆ ಪ್ರಖರವಾದ ಬಿಸಿಲು ಬಿದ್ದರೆ ಕೇಡು ಇಮ್ಮಡಿ. ಎಲೆಯು ಬೆಳಕನ್ನು ಹೀರಿದರೂ ಅದನ್ನು ಬಳಸಲಾರದು. ಮಿಕ್ಕ ಬೆಳಕು ಎಲೆಯೊಳಗಿನ ಹಸುರಿನ ಕೆಲಸವನ್ನೇ ಕೆಡಿಸುವುದು.

ಇಲ್ಲಿ ಮೋಸಹೋಗಬಾರದ ಲಕ್ಷಣವೊಂದುಂಟು. ಚಳಿ ಹೆಚ್ಚಿದ ದಿನಗಳಲ್ಲಿ, ನೆಲವು ಹಸಿಯಾಗಿದ್ದರೂ ಬೆಳಗಿನ ಬಿಸಿಲಿಗೆ ಸಸಿಗಳು ಬಾಡಿ ಜೋಲುತ್ತವೆ. ತಣ್ಣಗಾದ ಬೇರು ನೀರನ್ನು ಬೇಕಾದಷ್ಟು ಎಳೆಯಲಾರದು. ಎಲೆಯ ರಂಧ್ರಗಳಾದರೋ ಬೇಗ ಮುಚ್ಚಿಕೊಳ್ಳವು. ಬಾಡಿದುದನ್ನು ಕಂಡೊಡನೆ ನೀರು ಸಾಲದೆಂದು ಮತ್ತೆ ಹಾಯಿಸಿದರೆ, ನೆಲವು ಬೆಚ್ಚಗಾಗುವುದು ತಡವಾಗಿ, ಬೇರು ಕೊಳೆಯುವ ಅಪಾಯವೂ ಒದಗುವುದು. ಬೀಜದ ಹಣವೂ ಮುಂಚಿತದ ಬೆಲೆಯೂ ಒಟ್ಟಿಗೆ ಕೈಬಿಡುವುದು ಹೀಗೆಯೇ.

ಆದುದರಿಂದ ಈ ಕ್ರಮಗಳನ್ನು ಅನುಸರಿಸುವುದು ಮೇಲು:

1. ನೀರಿನ ಅನುಕೂಲವುಳ್ಳವರು ಅಕ್ಟೋಬರ್ ಕೊನೆಯೊಳಗೆ ಬಿತ್ತಿ, ಚಳಿಗೆ ಮುಂಚೆ ಪೈರನ್ನು ಬಲಿಸಬೇಕು. ತಪ್ಪಿದರೆ ಸಂಕ್ರಾಂತಿ ಕಳೆದು ಬಿಸಿಲೇರುವವರೆಗೆ ಕಾಯಬೇಕು.

2. ನೀರು ನಿಲ್ಲದಂತೆ ದಿಂಡುಗಳ ಮೇಲೆ ಬಿತ್ತಬೇಕು. ದಿಂಡಿನ ಮಣ್ಣು ಬೇಗ ಬೆಚ್ಚಗಾಗುತ್ತದೆ.

3. ಸಸಿ ಬಾಡಿದಾಗ ಬುಡದ ಮಣ್ಣನ್ನು ಎರಡು ಅಂಗುಲ ಕೆದಕಿ ನೋಡಬೇಕು. ಹಸಿಯಿದ್ದು, ಬಿಸಿಲೇರಿದಂತೆ ಸಸಿ ತಲೆಯೆತ್ತಿದರೆ ಅದು ಚಳಿಯ ಬಾಧೆ, ನೀರು ಬೇಡ.

4. ನೀರು ಬೇಕಾದಲ್ಲಿ ಸಂಜೆ ಹಾಯಿಸದೆ, ಬಿಸಿಲು ಕಾದ ಮೇಲೆ ಹಿತಮಿತವಾಗಿ ಹಾಯಿಸಬೇಕು.

ಗ್ರಾಮದ ಮುಖಂಡರು ಈ ಪರೀಕ್ಷೆಯನ್ನು ತಮ್ಮ ಹೊಲದಲ್ಲಿ ಮಾಡಿ ನೆರೆಯವರಿಗೆ ತೋರಿಸಿದರೆ ಬಹು ಪ್ರಯೋಜನವಾದೀತು. ಬಾಡಿದ ಎಲೆಯನ್ನು ನೋಡಿ ಮಡೆ ಬಿಚ್ಚುವ ಮೊದಲು ಮಣ್ಣನ್ನು ಮುಟ್ಟಿ ನೋಡುವುದಕ್ಕೆ ಖರ್ಚೇನೂ ಇಲ್ಲ.