ಫೆರೈಟ್‌ನ ಎರಡು ಪಟ್ಟಿಗಳು ಏನು ಹೇಳುತ್ತವೆ?

ಪ್ರಶ್ನೆ: ನಿಕ್ಕಲ್-ಸತು ಮಿಶ್ರ ಫೆರೈಟ್ ತಯಾರಿಸಿ ಐ.ಆರ್. ರೋಹಿತ ತೆಗೆಸಿದೆ. 600 ಮತ್ತು 400 ಸೆಂ.ಮೀ.⁻¹ ಆಸುಪಾಸಿನಲ್ಲಿ ಎರಡು ಪಟ್ಟಿಗಳಿವೆ. ಸತು ಹೆಚ್ಚಿಸಿದಂತೆ ಮೊದಲನೆಯದು ಕೆಳಗೆ ಸರಿಯುತ್ತಿದೆ. ಯಾಕೆ?
– ಎಂ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸ್ಪೈನೆಲ್ ರಚನೆಯಲ್ಲಿ ಲೋಹದ ಅಯಾನುಗಳಿಗೆ ಎರಡು ಬಗೆಯ ಸ್ಥಾನಗಳಿವೆ. ನಾಲ್ಕು ಆಕ್ಸಿಜನ್‌ಗಳ ನಡುವಿನದು ಎ-ಸ್ಥಾನ, ಆರರ ನಡುವಿನದು ಬಿ-ಸ್ಥಾನ. ಮೇಲಿನ ಪಟ್ಟಿಯನ್ನು ಎ-ಸ್ಥಾನದ ಕಂಪನಕ್ಕೂ ಕೆಳಗಿನದನ್ನು ಬಿ-ಸ್ಥಾನದ ಕಂಪನಕ್ಕೂ ಹೊಂದಿಸಿ ವಿವರಿಸಿದ್ದು ವಾಲ್ಡ್ರನ್, 1955ರಲ್ಲಿ. ಇಂದಿಗೂ ಹೆಚ್ಚಿನವರು ಅದನ್ನೇ ಅನುಸರಿಸುತ್ತಾರೆ.

ನಿಕ್ಕಲ್‌ಗೆ ಬಿ-ಸ್ಥಾನ ಇಷ್ಟ, ಸತುವಿಗೆ ಎ-ಸ್ಥಾನ. ನೀವು ಸೇರಿಸಿದ ಸತು ಎ-ಸ್ಥಾನಕ್ಕೆ ಹೋಗಿ, ಅಲ್ಲಿದ್ದ ಕಬ್ಬಿಣವನ್ನು ಬಿ-ಸ್ಥಾನಕ್ಕೆ ಕಳಿಸುತ್ತದೆ. ಎ-ಸ್ಥಾನದಲ್ಲಿ ಸತುವಿನ ಅಯಾನಿನ ತ್ರಿಜ್ಯ ಸುಮಾರು 0.60 ಆಂಗ್‌ಸ್ಟ್ರಾಮ್, ಫೆರಿಕ್ ಕಬ್ಬಿಣದ್ದು 0.49. ಸತುವಿನ ವಿದ್ಯುದಂಶವೂ ಕಡಿಮೆ. ಹಾಗಾಗಿ ಆಕ್ಸಿಜನ್ ಜೊತೆಗಿನ ಬಂಧ ಉದ್ದವಾಗಿ ಸಡಿಲಗೊಳ್ಳುತ್ತದೆ. ಸತುವಿನ ಪರಮಾಣು ತೂಕವೂ ತುಸು ಹೆಚ್ಚು. ಬಂಧ ಸಡಿಲವಾಗಿ ತೂಕ ಹೆಚ್ಚಿದಾಗ ಕಂಪನದ ಆವರ್ತಾಂಕ ಇಳಿಯಲೇಬೇಕು. ಎಕ್ಸ್-ಕಿರಣ ವಿವರ್ತನೆಯಲ್ಲಿ ಜಾಲಕದ ಅಳತೆಯೂ ಸತುವಿನೊಂದಿಗೆ ಹಿಗ್ಗುತ್ತಾ ಬಂದಿದ್ದರೆ ನಿಮ್ಮ ಫಲಿತಾಂಶಕ್ಕೆ ಬಲ ಬಂದಂತೆ.

ಪ್ರಶ್ನೆ: ನನ್ನ ರೋಹಿತದಲ್ಲಿ 400ರ ಪಟ್ಟಿ ಅರ್ಧಕ್ಕೇ ಕಡಿದುಹೋಗಿದೆ. 3400 ಮತ್ತು 1630ರ ಬಳಿಯೂ ಪಟ್ಟಿಗಳಿವೆ. ಮಾದರಿ ಕೆಟ್ಟಿದೆಯೇ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಗಾಬರಿ ಬೇಡ. ಪೆಲೆಟ್‌ಗೆ ಬಳಸುವ ಪೊಟ್ಯಾಸಿಯಂ ಬ್ರೋಮೈಡ್ ಸುಮಾರು 400ರವರೆಗೆ ಮಾತ್ರ ಪಾರದರ್ಶಕ. ಅನೇಕ ಉಪಕರಣಗಳ ಮಿತಿಯೂ ಅಲ್ಲೇ. ಅಂಚಿನಲ್ಲಿ ಕಡಿದುಹೋದ ಪಟ್ಟಿಯ ತುದಿಯನ್ನು ಊಹಿಸಿ ಕೋಷ್ಟಕಕ್ಕೆ ಬರೆಯಬೇಡಿ. ಸೀಸಿಯಂ ಅಯೋಡೈಡ್ ಪೆಲೆಟ್ ಮಾಡಿ, ಇನ್ನೂ ಕೆಳಗೆ ಅಳೆಯಬಲ್ಲ ಉಪಕರಣದಲ್ಲಿ ಮತ್ತೆ ತೆಗೆಸಿ.

3400 ಮತ್ತು 1630ರ ಪಟ್ಟಿಗಳು ನೀರಿನವು. ಅದು ಮಾದರಿಯದೋ ಪೆಲೆಟ್‌ನದೋ ತಿಳಿಯಲು ಮಾದರಿಯಿಲ್ಲದ ಪೆಲೆಟ್ ಒಂದನ್ನು ಅಳೆದು ನೋಡಿ. ನೈಟ್ರೇಟ್ ಲವಣಗಳಿಂದ ತಯಾರಿಸಿದ್ದರೆ 1385ರ ಸುತ್ತ ಕಣ್ಣಿಡಿ. ಅಲ್ಲಿ ಚೂಪಾದ ಪಟ್ಟಿ ಕಂಡರೆ ನೈಟ್ರೇಟ್ ಉಳಿದಿದೆ ಎಂದು ಶಂಕಿಸಿ, ಮಾದರಿಯನ್ನು ಇನ್ನಷ್ಟು ಸುಡಬೇಕು.

ಪ್ರಶ್ನೆ: ಎರಡೂ ಪಟ್ಟಿ ಬಂದರೆ ಶುದ್ಧ ಫೆರೈಟ್ ಎಂದು ಬರೆಯಬಹುದೇ? ಯಾವ ಅಯಾನು ಎಲ್ಲಿ ಎಷ್ಟಿದೆ ಎಂದೂ ಹೇಳಬಹುದೇ?
– ಕಾಲೇಜು ಅಧ್ಯಾಪಕಿ, ಕಲಬುರಗಿ

ಉತ್ತರ: ಎರಡನ್ನೂ ಬರೆಯಬೇಡಿ. ಕಲ್ಮಶವಾಗಿ ಉಳಿಯಬಹುದಾದ ಹೆಮಟೈಟ್‌ನ ಪ್ರಬಲ ಪಟ್ಟಿಗಳು 540 ಮತ್ತು 470ರ ಬಳಿ ಬರುತ್ತವೆ. ಪ್ರಮಾಣ ಕಡಿಮೆಯಿದ್ದರೆ ಫೆರೈಟ್‌ನ ಅಗಲವಾದ ಪಟ್ಟಿಯೊಳಗೆ ಅವು ಅಡಗಿಬಿಡುತ್ತವೆ. ಶುದ್ಧತೆಗೆ ಎಕ್ಸ್-ಕಿರಣ ವಿವರ್ತನೆ ಬೇಕೇ ಬೇಕು. ಅಯಾನುಗಳ ಹಂಚಿಕೆಯ ಲೆಕ್ಕಕ್ಕೆ ಮೋಸ್‌ಬೌರ್ ರೋಹಿತ ಅಥವಾ ನ್ಯೂಟ್ರಾನ್ ವಿವರ್ತನೆ ಬೇಕು. ಪಟ್ಟಿ ಸರಿದ ದಿಕ್ಕು ಹಂಚಿಕೆಯ ಸುಳಿವು ಕೊಡುತ್ತದೆ, ಪ್ರಮಾಣ ಕೊಡುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವನ್ನು ಮೊದಲ ದಿನವೇ ಕಲಿಸಿ.