ಗುರಿ ಪಿಸ್ತೂಲು ಮತ್ತು ನಡುಗುವ ಕೈ: ಏನು ಬದಲಿಸಬೇಕು, ಏನು ಬದಲಿಸಬಾರದು

ಈ ಕಂತಿನ ವಿಷಯ ಬಂದಿದ್ದು ಒಂದು ಫೋನ್ ಕರೆಯಿಂದ. ನಾವಿರೋದು ಶಿಕಾಗೋ ಹೊರವಲಯದಲ್ಲಿ. ಕರೆ ಮಾಡಿದವರು ಡೆಟ್ರಾಯಿಟ್ ಪಕ್ಕದ ಓಕ್‌ಲ್ಯಾಂಡ್ ಕೌಂಟಿಯವರು. ಮೂಲ ಕೊಡಗು, ವಯಸ್ಸು ನಲವತ್ತೇಳು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಈ ಕಂತಿನಲ್ಲಿ ಅವರನ್ನು ಅಣ್ಣ ಅಂತಲೇ ಕರೆಯೋಣ.

ಅಣ್ಣ ಚಿಕ್ಕವರಿದ್ದಾಗ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿ ಹಿಡಿದು ತೆಂಗಿನಕಾಯಿಗೆ ಗುಂಡು ಹೊಡೆದವರು. ಈಗ ಇಲ್ಲಿ .22 ಪಿಸ್ತೂಲು ಕೊಂಡು, ಒಂದೇ ಕೈಯಲ್ಲಿ ಹಿಡಿದು ಕಾಗದದ ಗುರಿಗೆ ಹೊಡೆಯುವ ಬುಲ್ಸ್‌ಐ ಸ್ಪರ್ಧೆಗೆ ಇಳಿದಿದ್ದಾರೆ. ಓಹಾಯೋದ ಕ್ಯಾಂಪ್ ಪೆರಿ ಅವರ ಮನೆಯಿಂದ ಸುಮಾರು ಎರಡು ಗಂಟೆಯ ದಾರಿ. ಈರೀ ಸರೋವರದ ದಂಡೆಯ ಆ ಮೈದಾನದಲ್ಲಿ 1907ರಿಂದ ರಾಷ್ಟ್ರೀಯ ಸ್ಪರ್ಧೆಗಳು ನಡೀತಾ ಬಂದಿವೆ. ಒಂದು ಸಲ ಅಲ್ಲಿ ಹೊಡೀಬೇಕು ಅನ್ನೋದು ಅವರ ಆಸೆ.

ಅವರ ಪ್ರಶ್ನೆ ಇದು: "ಅಂಗಡಿಯಿಂದ ತಂದ ಪಿಸ್ತೂಲು ಹಾಗೇ ಇದೆ. ಕೈ ನಡುಗುತ್ತೆ. ಟ್ರಿಗರ್ ಹಗುರ ಮಾಡಿಸಿದ್ರೆ ನಡುಕ ನಿಲ್ಲುತ್ತಾ? ವಿಡಿಯೋ ನೋಡಿ ಮನೆಯಲ್ಲೇ ಅರದಿಂದ ಉಜ್ಜಬಹುದಾ?"

ನಾವು ಜೀವವಿಜ್ಞಾನದವರು, ಬಂದೂಕು ರಿಪೇರಿಯವರಲ್ಲ. ಆದರೆ ಈ ಪ್ರಶ್ನೆಯ ಅರ್ಧಕ್ಕಿಂತ ಹೆಚ್ಚು ಭಾಗ ಪಿಸ್ತೂಲಿನದಲ್ಲ, ದೇಹದ್ದು. ಆದ್ದರಿಂದ ಉತ್ತರ ಹುಡುಕಲು ಹೊರಟೆವು.

ನಡುಕ ರೋಗವಲ್ಲ

ಮೊದಲು ಒಂದು ಸಮಾಧಾನದ ಮಾತು. ಪ್ರತಿಯೊಬ್ಬ ಆರೋಗ್ಯವಂತನ ಕೈಯೂ ನಡುಗುತ್ತೆ. ಸೆಕೆಂಡಿಗೆ 8ರಿಂದ 12 ಸಲ ಆಗುವ ಈ ಸಣ್ಣ ಕಂಪನಕ್ಕೆ ಸಹಜ ನಡುಕ ಅಂತ ಹೆಸರು. ಸ್ನಾಯು ಒಂದೇ ಸಮನೆ ಎಳೆಯುವ ಹಗ್ಗ ಅಲ್ಲ. ಅದರೊಳಗಿನ ನೂರಾರು ಎಳೆಗುಂಪುಗಳು ಸರದಿಯಲ್ಲಿ ಎಳೆದು ಬಿಡ್ತಾ ಇರುತ್ತವೆ, ಆ ಎಳೆದಾಟವೇ ಹೊರಗೆ ನಡುಕವಾಗಿ ಕಾಣುತ್ತೆ. ಇದರ ಮೇಲೆ ಉಸಿರಾಟದ ಏರಿಳಿತ, ಹೃದಯ ಬಡಿದಾಗಿನ ಸಣ್ಣ ತಳ್ಳು, ನಿಂತ ದೇಹದ ನಿಧಾನ ಓಲಾಟ ಎಲ್ಲ ಸೇರುತ್ತವೆ.

ಕೋವಿಯಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ. ಕೋವಿ ಭುಜಕ್ಕೆ ಒರಗಿರುತ್ತೆ, ಕೆನ್ನೆಗೆ ತಾಗಿರುತ್ತೆ, ಎರಡು ಕೈಯೂ ಹಿಡಿದಿರುತ್ತವೆ. ಪಿಸ್ತೂಲಿಗೆ ಇರೋದು ಚಾಚಿದ ತೋಳಿನ ತುದಿಯ ಒಂದು ಮುಷ್ಟಿ ಮಾತ್ರ. ಅಣ್ಣನ ಹಳೆಯ ಅನುಭವ ಇಲ್ಲಿ ಕೈಕೊಟ್ಟದ್ದು ಇದಕ್ಕೇ.

ಈಗ ಸ್ವಲ್ಪ ಲೆಕ್ಕ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 22 ಸೆಂ.ಮೀ. ಅಂತರ ಇದೆ ಅಂದುಕೊಳ್ಳಿ. ಬುಲ್ಸ್‌ಐ ಸ್ಪರ್ಧೆಯ ದೂರದ ಗುರಿ 50 ಗಜ, ಅಂದರೆ ಸುಮಾರು 46 ಮೀಟರ್. ಇಡೀ ಕೈ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದು, ಎರಡೂ ಸೈಟ್ ಜೊತೆಗೇ ಸರಿದರೆ, ಗುಂಡೂ ಗುರಿಯಲ್ಲಿ ಒಂದೇ ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತೆ. ಅದು ಲೆಕ್ಕಕ್ಕೇ ಇಲ್ಲ. ಆದರೆ ಮುಂದಿನ ಸೈಟ್ ಮಾತ್ರ ಒಂದು ಮಿಲಿಮೀಟರ್ ಓರೆಯಾದರೆ? ಗುಂಡು ಸುಮಾರು 21 ಸೆಂ.ಮೀ. ಆಚೆ! ಆ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಸುಮಾರು 8.5 ಸೆಂ.ಮೀ., ಕಪ್ಪು ಭಾಗದ ವ್ಯಾಸ 20 ಸೆಂ.ಮೀ. ಅಂದರೆ ಗುಂಡು ಕಪ್ಪಿನಿಂದಲೇ ಹೊರಗೆ.

ಇದನ್ನು ನೆನಪಿಡಿ. ಸರಿಯುವ ಕೈ ದೊಡ್ಡ ಶತ್ರು ಅಲ್ಲ, ಓರೆಯಾಗುವ ಮಣಿಕಟ್ಟು ಶತ್ರು. ಮಣಿಕಟ್ಟನ್ನು ಕೊನೆಯ ಕ್ಷಣದಲ್ಲಿ ಓರೆ ಮಾಡೋದು ಸಾಮಾನ್ಯವಾಗಿ ನಡುಕ ಅಲ್ಲ, ಬೆರಳು.

ಮನೆಯಲ್ಲೇ ಒಂದು ಪ್ರಯೋಗ

ಇದಕ್ಕೆ ಪಿಸ್ತೂಲು ಬೇಡವೇ ಬೇಡ. ಆಫೀಸಿನಲ್ಲಿ ಸ್ಲೈಡ್ ತೋರಿಸೋಕೆ ಬಳಸುವ ಲೇಸರ್ ಪಾಯಿಂಟರ್ ಸಾಕು. ಖಾಲಿ ಗೋಡೆಯ ಮೇಲೆ ಒಂದು ಗುರುತು ಮಾಡಿ, ದೂರ ನಿಂತು, ಕೈ ಚಾಚಿ ಬೆಳಕು ಬಿಡಿ. ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಳ್ಳಿ. ಚುಕ್ಕಿ ಗುರುತಿನ ಸುತ್ತ ಅಲೆದಾಡುತ್ತೆ, ಅದು ನಿಮ್ಮ ನಡುಕ. ಈಗ ಗುಂಡಿ ಬಿಟ್ಟು, ಮತ್ತೆ ಗುರಿಯಿಟ್ಟು, ಫಟ್ಟನೆ ಒತ್ತಿ. ಒತ್ತಿದ ಕ್ಷಣ ಚುಕ್ಕಿ ಎಲ್ಲಿ ಮೂಡಿತು? ನಾವು ಮಾಡಿದಾಗ ಅಲೆದಾಟದ ವಲಯದಿಂದ ಹೊರಗೇ, ಪ್ರತಿ ಸಲವೂ ಒಂದೇ ದಿಕ್ಕಿಗೆ ಹಾರಿತ್ತು. ಆ ಹಾರಾಟ ಬೆರಳಿನದು.

ಇದಕ್ಕೆ ಕಾರಣ ಮುಂಗೈಯಲ್ಲಿದೆ. ಬೆರಳು ಮಡಚುವ ಸ್ನಾಯುಗಳು ಪೂರ್ತಿ ಬೇರೆ ಬೇರೆಯಾಗಿ ಕೆಲಸ ಮಾಡಲ್ಲ. ತೋರುಬೆರಳಿಗೆ ಸ್ವಾತಂತ್ರ್ಯ ಹೆಚ್ಚು, ಆದರೂ ಅದನ್ನು ಜೋರಾಗಿ ಎಳೆದಾಗ ಉಳಿದ ಬೆರಳುಗಳೂ ಜೊತೆಗೆ ಹಿಂಡುತ್ತವೆ. ಕೇರಂ ಆಡುವವರಿಗೆ ಇದು ಚೆನ್ನಾಗಿ ಗೊತ್ತು. ಸ್ಟ್ರೈಕರ್ ಹೊಡೆಯುವಾಗ ಉಳಿದ ಬೆರಳುಗಳನ್ನು ಬೋರ್ಡಿಗೆ ಊರಿ ಕೂರಿಸದೇ ಇದ್ದರೆ ಹೊಡೆತ ಓರೆಯಾಗುತ್ತೆ ಅಲ್ವಾ?

ಇನ್ನೊಂದು ವಿಷಯ. "ಸೈಟ್ ಸರಿಯಾಗಿ ನಡುವೆ ಬಂದ ಕ್ಷಣ ಎಳೀತೀನಿ" ಅಂತ ಅಣ್ಣ ಹೇಳ್ತಿದ್ರು. ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಆಜ್ಞೆ ಬೆರಳಿಗೆ ಬರೋಕೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಹತ್ತು ಸಲ ನಡುಗುವ ಕೈ ಎರಡು ಸುತ್ತು ಮುಗಿಸಿರುತ್ತೆ. ಕಂಡ ಕ್ಷಣ ಹಿಡಿಯೋಕೆ ಹೋದರೆ ಯಾವಾಗಲೂ ತಡವೇ. ಅದಕ್ಕೇ ಒಳ್ಳೆಯ ಶೂಟರ್‌ಗಳು ಅಲೆದಾಟವನ್ನು ಒಪ್ಪಿಕೊಂಡು, ಬೆರಳಿನ ಒತ್ತಡವನ್ನು ಒಂದೇ ಸಮನೆ ಹೆಚ್ಚಿಸ್ತಾ ಹೋಗ್ತಾರೆ.

ಹಾಗಾದರೆ ಏನು ಬದಲಿಸಬೇಕು?

ಅಣ್ಣನ ಪಟ್ಟಿಯಲ್ಲಿ ಟ್ರಿಗರ್ ಮೊದಲಿತ್ತು. ನಾವು ಪಟ್ಟಿಯನ್ನು ತಿರುವಿ ಹಾಕಿದೆವು.

ಮೊದಲನೆಯದು ಕಣ್ಣು. ಅಣ್ಣನಿಗೆ ಚಾಳೀಸು ಬಂದಿದೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗಿ, ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಕಡಿಮೆಯಾಗ್ತಾ ಹೋಗುತ್ತೆ. ಯಾವ ವಯಸ್ಸಿನ ಕಣ್ಣಿಗೂ ಒಂದು ಸಲಕ್ಕೆ ಒಂದೇ ದೂರ ಸ್ಪಷ್ಟ. ತೋಳಿನ ತುದಿಯ ಮುಂದಿನ ಸೈಟ್ ಸ್ಪಷ್ಟವಾಗಿರಬೇಕು, ಗುರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಮಸುಕಾದ ದುಂಡಗಿನ ಗುರಿಯ ನಡುವನ್ನು ಮಿದುಳು ಸುಲಭವಾಗಿ ಅಂದಾಜು ಮಾಡುತ್ತೆ. ಸೈಟಿನ ಓರೆಯನ್ನು ಮಾತ್ರ ಅಂದಾಜು ಮಾಡಲಾಗದು, ಅದರ ಬೆಲೆ ಆಗಲೇ ನೋಡಿದೆವು. ಕಣ್ಣಿನಿಂದ ಮುಂದಿನ ಸೈಟಿಗಿರುವ ದೂರ ಅಳೆದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋಗಿ ಅಂದೆವು. ಸಾಮಾನ್ಯವಾಗಿ ದೂರದ ನಂಬರಿಗೆ 0.5ರಿಂದ 0.75 ಡಯಾಪ್ಟರ್ ಸೇರಿಸಿದರೆ ಸಾಕಾಗುತ್ತೆ. ಇನ್ನೊಂದು ದಾರಿ ರೆಡ್ ಡಾಟ್ ಸೈಟ್. ಅದರ ಕೆಂಪು ಚುಕ್ಕಿ ಗುರಿಯ ದೂರದಲ್ಲೇ ಇರುವ ಹಾಗೆ ಕಾಣೋದರಿಂದ ಕಣ್ಣು ಎರಡು ಕಡೆ ಒದ್ದಾಡಬೇಕಿಲ್ಲ. ಬುಲ್ಸ್‌ಐನಲ್ಲಿ ಅದಕ್ಕೆ ಅವಕಾಶ ಇದೆ, ಒಲಿಂಪಿಕ್ ಶೈಲಿಯ ಸ್ಪರ್ಧೆಗಳಲ್ಲಿ ಇಲ್ಲ.

ಎರಡನೆಯದು ಹಿಡಿ. ಕಾರ್ಖಾನೆಯ ಹಿಡಿ ಎಲ್ಲರ ಕೈಗೂ ಅಂತ ಮಾಡಿದ್ದು, ಅಂದರೆ ಯಾರ ಕೈಗೂ ಪೂರ್ತಿ ಹೊಂದಲ್ಲ. ಅಂಗೈಯ ಗುಳಿ ತುಂಬುವ ಹಾಗೆ, ಉಳಿದ ಮೂರು ಬೆರಳು ಪ್ರತಿ ಸಲ ಅದೇ ಜಾಗದಲ್ಲಿ ಕೂರುವ ಹಾಗೆ ಮರದ ಹಿಡಿ ಹಾಕಿಸಬಹುದು. ಆಗ ತೋರುಬೆರಳು ಎಳೆದಾಗ ಉಳಿದವು ಹಿಂಡಿದರೂ ಪಿಸ್ತೂಲು ಅಷ್ಟಾಗಿ ತಿರುಗಲ್ಲ. ಪರೀಕ್ಷೆ ಸುಲಭ. ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ, ಕಣ್ಣು ಮುಚ್ಚಿ ಎತ್ತಿ, ಆಮೇಲೆ ಕಣ್ಣು ಬಿಡಿ. ಸೈಟುಗಳು ತಾವಾಗೇ ಸಾಲಾಗಿದ್ದರೆ ಹಿಡಿ ಸರಿ ಇದೆ.

ಮೂರನೆಯದು ಟ್ರಿಗರ್. ಅಣ್ಣ ಅಳೆದಾಗ ಅವರ ಟ್ರಿಗರ್ ಬಿಡೋಕೆ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಎಳೆತ ಬೇಕಿತ್ತು. ಪಿಸ್ತೂಲಿನ ತೂಕವೇ ಒಂದು ಕಿಲೋ ಚಿಲ್ಲರೆ. ವಸ್ತುವಿನ ತೂಕದ ಎರಡರಷ್ಟು ಬಲದಿಂದ ಎಳೀತಾ, ಅದನ್ನು ಅಲುಗಾಡಿಸಬಾರದು ಅಂದರೆ ಕಷ್ಟ ಅಲ್ವಾ? ಹಾಗಾಗಿ ಹಗುರ ಮಾಡಿಸೋದು ತಪ್ಪಲ್ಲ. ಆದರೆ ಬರೀ ಗ್ರಾಂ ಲೆಕ್ಕ ಸಾಲದು. ಎಳೆಯುವಾಗ ಮರಳಿನ ಮೇಲೆ ಎಳೆದ ಹಾಗೆ ತಡೆದು ತಡೆದು ಸರಿದರೆ ಬೆರಳು ಒತ್ತಡವನ್ನು ಸಮನಾಗಿ ಏರಿಸಲಾರದು. ಬಿಟ್ಟ ಮೇಲೂ ಟ್ರಿಗರ್ ಹಿಂದಕ್ಕೆ ಓಡಿದರೆ, ಗುಂಡು ನಳಿಕೆಯಲ್ಲಿರುವಾಗಲೇ ಬೆರಳು ಮುಗ್ಗರಿಸುತ್ತೆ. ಗುರಿ ಪಿಸ್ತೂಲಿನ ಟ್ರಿಗರಿಗೆ ಹಿಂದೆ ಒಂದು ತಡೆ ತಿರುಪು ಇರೋದು ಇದಕ್ಕೇ.

ಎಷ್ಟು ಹಗುರ? ಅದನ್ನು ನಿಯಮ ಹೇಳುತ್ತೆ. ಬುಲ್ಸ್‌ಐನ .22ಕ್ಕೆ ಕನಿಷ್ಠ 2 ಪೌಂಡ್, ಅಂದರೆ 907 ಗ್ರಾಂ. ಅಂತರರಾಷ್ಟ್ರೀಯ 10 ಮೀಟರ್ ಏರ್ ಪಿಸ್ತೂಲಿಗೆ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ಸ್ಪರ್ಧೆಯಲ್ಲಿ ಆ ತೂಕವನ್ನು ಟ್ರಿಗರಿಗೆ ತೂಗುಹಾಕಿ ಪಿಸ್ತೂಲು ಎತ್ತಿ ನೋಡ್ತಾರೆ. ಕುದುರೆ ಬಿಟ್ಟುಕೊಂಡರೆ ಪಿಸ್ತೂಲು ಅನರ್ಹ.

ಅರದ ಪ್ರಶ್ನೆಗೆ ನಮ್ಮ ಉತ್ತರ ಒಂದೇ: ಬೇಡ. ಟ್ರಿಗರಿನ ಒಳಗೆ ಒಂದಕ್ಕೊಂದು ಸಿಕ್ಕಿಕೊಂಡು ಕೂತ ಎರಡು ಅಂಚುಗಳ ಮೇಲ್ಮೈ ತೆಳುವಾಗಿ ಗಟ್ಟಿ ಮಾಡಿದ್ದಿರಬಹುದು. ಉಜ್ಜಿ ಅದನ್ನು ತೆಗೆದರೆ ಇವತ್ತು ನುಣುಪು, ನಾಳೆ ಸವೆತ. ಆಮೇಲೊಂದು ದಿನ ಕೆಳಗೆ ಬಿದ್ದಾಗಲೋ ತಟ್ಟಿದಾಗಲೋ ಮುಟ್ಟದೇ ಹಾರುತ್ತೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಗೆ ಕೊಡಿ, ಅದೇ ಮಾದರಿಗೆ ಸಿದ್ಧವಾಗಿ ಸಿಗುವ ಭಾಗಗಳನ್ನೇ ಹಾಕಿಸಿ.

ದೇಹವನ್ನು ಬದಲಿಸಬಹುದೇ?

ಅಣ್ಣ ಸ್ವಲ್ಪ ತಡೆದು ಇನ್ನೊಂದು ಕೇಳಿದರು. ಅವರ ಸ್ನೇಹಿತರೊಬ್ಬರು ರಕ್ತದೊತ್ತಡಕ್ಕೆ ನುಂಗುವ ಮಾತ್ರೆ ಕೈ ನಿಲ್ಲಿಸುತ್ತಂತೆ, ನಿಜವಾ ಅಂತ.

ನಿಜ. ಅವು ಬೀಟಾ ಬ್ಲಾಕರ್‌ಗಳು. ಗಾಬರಿಯಾದಾಗ ಬಿಡುಗಡೆಯಾಗುವ ಅಡ್ರಿನಲಿನ್ ಹೃದಯವನ್ನು ಓಡಿಸುತ್ತೆ, ಸ್ನಾಯುಗಳ ನಡುಕ ಹೆಚ್ಚಿಸುತ್ತೆ. ಈ ಮಾತ್ರೆಗಳು ಆ ಬಾಗಿಲನ್ನೇ ಮುಚ್ಚುತ್ತವೆ. ಅದಕ್ಕೇ ಶೂಟಿಂಗ್‌ನಲ್ಲಿ ಅವು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಅವರ ಪರೀಕ್ಷೆಯಲ್ಲಿ ಪ್ರೊಪ್ರನೊಲಾಲ್ ಸಿಕ್ಕಿ, ಒಂದು ಬೆಳ್ಳಿ, ಒಂದು ಕಂಚು ಎರಡನ್ನೂ ಕಸಿದುಕೊಂಡರು. ಬೇರೆಯವರ ಮಾತ್ರೆ ನುಂಗೋದು ಮೋಸ ಮಾತ್ರ ಅಲ್ಲ, ಆಸ್ತಮಾ ಇದ್ದವರಿಗೆ ಜೀವಕ್ಕೇ ಅಪಾಯ. ಹಾಗೆಯೇ, ಡಾಕ್ಟರು ಕೊಟ್ಟಿದ್ದನ್ನು ಸ್ಪರ್ಧೆಗೋಸ್ಕರ ತಾವಾಗೇ ನಿಲ್ಲಿಸೋದೂ ಅಪಾಯವೇ. ಸ್ಪರ್ಧೆಗಿಂತ ಹೃದಯ ದೊಡ್ಡದು.

ದೇಹವನ್ನು ಬದಲಿಸುವ ಸರಿದಾರಿ ಅಭ್ಯಾಸ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೋಡಿ. 2013ರಲ್ಲಿ ಬೆಲ್ಸ್ ಪಾಲ್ಸಿ ಬಂದು ಮುಖದ ಒಂದು ಬದಿಯ ಸ್ನಾಯುಗಳು ಸೋತಿದ್ದವು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು. ಒಳ್ಳೆಯ ಪಿಸ್ತೂಲು ಅವರ ಎದುರಾಳಿಗಳ ಬಳಿಯೂ ಇತ್ತು.

ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಪಿಸ್ತೂಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಕೆಲವು .22 ಪಿಸ್ತೂಲುಗಳಿಗೆ ಖಾಲಿ ಹೊಡೆತ ಹಾನಿ ಮಾಡಬಹುದು, ಮೊದಲು ಕೈಪಿಡಿ ಓದಿ.

ಕೊನೆಯ ಬದಲಾವಣೆ

ಮಾತು ಮುಗಿಯುವ ಮುಂಚೆ ನಾವೇ ಒಂದು ಕೇಳಿದೆವು: "ಮನೆಯಲ್ಲಿ ಮಕ್ಕಳಿದ್ದಾರಾ ಅಣ್ಣ?" ಹನ್ನೆರಡು ವರ್ಷದ ಮಗ ಇದ್ದಾನೆ. ಪಿಸ್ತೂಲು ಎಲ್ಲಿದೆ? ಬಟ್ಟೆ ಬೀರುವಿನ ಮೇಲಿನ ತಟ್ಟಿನಲ್ಲಿ. ಬೀಗ? ಅವರು ಸುಮ್ಮನಾದರು.

ಅವರ ಕೌಂಟಿಯಲ್ಲೇ, 2021ರ ನವೆಂಬರ್ 30ರಂದು ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಹದಿನೈದರ ಹುಡುಗನೊಬ್ಬ ನಾಲ್ಕು ವಿದ್ಯಾರ್ಥಿಗಳನ್ನು ಕೊಂದ. ಪಿಸ್ತೂಲು ಮನೆಯದು. 2024ರಲ್ಲಿ ಅವನ ತಂದೆ ತಾಯಿ ಇಬ್ಬರಿಗೂ 10ರಿಂದ 15 ವರ್ಷದ ಸೆರೆವಾಸ ಆಯಿತು. ಅದೇ ವರ್ಷ ಫೆಬ್ರವರಿ 13ರಿಂದ ಮಿಶಿಗನ್‌ನಲ್ಲಿ ಹೊಸ ಕಾನೂನು ಜಾರಿಯಲ್ಲಿದೆ: ಮಕ್ಕಳು ಇರುವ ಅಥವಾ ಬರಬಹುದಾದ ಕಡೆ ಪಿಸ್ತೂಲನ್ನು ಬೀಗದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ಗುಂಡು ತೆಗೆದು ಬೀಗದ ಸಾಧನ ಹಾಕಿಡಬೇಕು. ಎರಡು ಕಿಲೋ ಟ್ರಿಗರನ್ನು ಒಂದು ಕಿಲೋಗೆ ಇಳಿಸೋದು ಅಂದರೆ ಅದು ಯಾವ ಬೆರಳಿಗೂ ಅಷ್ಟೇ ಸುಲಭ, ಹನ್ನೆರಡು ವರ್ಷದ ಬೆರಳಿಗೂ.

ಇನ್ನೊಂದು ಸಣ್ಣ ಮಾತು. ಗುಂಡಿನ ಸಿಡಿಮದ್ದಿನಲ್ಲಿ, ಗುಂಡಿನಲ್ಲಿ ಸೀಸ ಇರುತ್ತೆ. ರೇಂಜಿನಿಂದ ಬಂದವರು ಸೋಪು ಹಾಕಿ ಕೈ ಮುಖ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಮಕ್ಕಳನ್ನು ಮುಟ್ಟಿ. ಬೆಳೆಯುವ ಮಿದುಳಿಗೆ ಸೀಸ ಸ್ವಲ್ಪವೂ ಒಳ್ಳೆಯದಲ್ಲ.

ಮೂರು ವಾರದ ನಂತರ ಅಣ್ಣ ಮತ್ತೆ ಕರೆ ಮಾಡಿದರು. ಮೊದಲು ಕೊಂಡದ್ದು ಬೀಗದ ಪೆಟ್ಟಿಗೆ, ಆಮೇಲೆ ಕನ್ನಡಕ. ಟ್ರಿಗರ್ ಗನ್‌ಸ್ಮಿತ್ ಬಳಿ ಸರದಿಯಲ್ಲಿದೆ. ಕೈ ನಡುಗೋದು ನಿಂತಿದೆಯಾ ಅಂತ ಕೇಳಿದೆವು. "ಇಲ್ಲ. ಆದರೆ ಈಗ ಅದರ ಜೊತೆ ಜಗಳ ಆಡೋದು ಬಿಟ್ಟಿದ್ದೀನಿ" ಅಂದರು.

ಲೇಸರ್ ಪ್ರಯೋಗ ಮಾಡಿ ನೋಡಿ. ನಿಮ್ಮ ಚುಕ್ಕಿ ಯಾವ ದಿಕ್ಕಿಗೆ ಹಾರಿತು ಅಂತ ನಮಗೆ ತಿಳಿಸಿ.