ಬಿಸಿಲು, ಕರೆಂಟು, ಡೀಸೆಲ್ – ಯಾವುದು ಯಾವಾಗ?



ಆಗತಾನೆ ಕರೆದ ಹಾಲು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುತ್ತದೆ. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಸೂಕ್ಷ್ಮಾಣು ಜೀವಿಗಳು ಹೆಚ್ಚಿ ಹಾಲು ಕೆಡುತ್ತದೆ. ಸೌರ ಫಲಕ, ಲೈನಿನ ಕರೆಂಟು, ಡೀಸೆಲ್ ಜನರೇಟರ್ ಮೂರೂ ಇರುವ ಬಿ.ಎಂ.ಸಿ. ಕೇಂದ್ರಗಳಲ್ಲಿ ಯಾವುದನ್ನು ಯಾವ ಹೊತ್ತಿಗೆ ಬಳಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಹಾಲೂ ಉಳಿಯುತ್ತದೆ, ಸಂಘದ ಹಣವೂ ಉಳಿಯುತ್ತದೆ.

ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ. ಬಿಸಿಲು ಬಲವಾಗಿರುವುದು ನಡುಹಗಲಿನಲ್ಲಿ. ತೊಡಕು ಇರುವುದು ಇಲ್ಲಿಯೇ. ಕಂಪ್ರೆಸರ್ ನಡೆಸುವಷ್ಟು ದೊಡ್ಡ ಬ್ಯಾಟರಿ ದುಬಾರಿ. ಐಸ್ ಬ್ಯಾಂಕ್ ಇರುವ ಕೂಲರಿನಲ್ಲಾದರೆ ಮಧ್ಯಾಹ್ನದ ಕರೆಂಟಿನಿಂದ ಮಂಜುಗಡ್ಡೆ ಕಟ್ಟಿಸಿ, ತಂಪನ್ನೇ ಸಂಜೆಗೆ ಕೂಡಿಡಬಹುದು.

ಲೆಕ್ಕ ನೋಡಿ: 1000 ಲೀಟರ್ ಹಾಲು ತಣಿಸಲು ಸುಮಾರು 375 ಕಿಲೋ ಮಂಜುಗಡ್ಡೆ ಬೇಕು. ಅದನ್ನು ಕಟ್ಟಲು ಅಂದಾಜು 15ರಿಂದ 18 ಯೂನಿಟ್ ಕರೆಂಟು ಬೇಕು. 5 ಕಿಲೋವ್ಯಾಟ್ ಸೌರ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 20 ಯೂನಿಟ್ ಕೊಡುತ್ತದೆ. ಅಷ್ಟೇ ಕರೆಂಟು ಜನರೇಟರಿನಿಂದ ಬರಬೇಕಾದರೆ 5–6 ಲೀಟರ್ ಡೀಸೆಲ್ ಸುಡಬೇಕು.

ದಿನದ ಕ್ರಮ ಹೀಗಿರಲಿ:

1. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಸೌರಶಕ್ತಿಯಿಂದ ಮಂಜುಗಡ್ಡೆ ಕಟ್ಟಿಸಿ.

2. ಮಳೆಗಾಲದಲ್ಲಿ, ಮೋಡ ಕವಿದ ದಿನಗಳಲ್ಲಿ ಬಿಸಿಲಿಗೆ ಕಾಯಬೇಡಿ. ಮೂರು ಫೇಸ್ ಕರೆಂಟು ಬಂದಾಗಲೇ ಕಟ್ಟಿಸಿಕೊಳ್ಳಿ.

3. ರಾತ್ರಿ ಕರೆಂಟು ಇರುವಾಗ ಬೆಳಗಿನ ಹಾಲಿಗೆ ಬೇಕಾದ ಮಂಜುಗಡ್ಡೆ ಸಿದ್ಧವಾಗಲಿ.

4. ಜನರೇಟರ್ ಕೊನೆಯ ಆಸರೆ. ಕಡಿಮೆ ಲೋಡಿನಲ್ಲಿ ಓಡಿದರೆ ಯೂನಿಟ್ಟಿಗೆ ಹೆಚ್ಚು ಡೀಸೆಲ್ ಕುಡಿಯುತ್ತದೆ. ಆದ್ದರಿಂದ ಹಾಲು ಪೂರ್ತಿ ಬಂದ ನಂತರ ಒಮ್ಮೆಗೇ ಓಡಿಸಿ. ಆದರೆ ಟ್ಯಾಂಕಿನಲ್ಲಿ ಹಾಲು ಬಿಸಿಯೇರುತ್ತಿದ್ದರೆ ಡೀಸೆಲ್ ಉಳಿಸಲು ಹೋಗಿ ಹಾಲು ಕೆಡಿಸಬೇಡಿ.

ಒಂದು ಎಚ್ಚರಿಕೆ: ಲೈನಿಗೆ ಜೋಡಿಸಿದ ಸಾಮಾನ್ಯ ಸೌರ ಘಟಕವು ಲೈನಿನ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವವರ ಸುರಕ್ಷತೆಗಾಗಿ ಈ ಏರ್ಪಾಡು. ಕರೆಂಟಿಲ್ಲದಾಗಲೂ ನಡೆಯಬೇಕಾದರೆ ಅದಕ್ಕೆ ತಕ್ಕ ಇನ್ವರ್ಟರ್ ಬೇಕು. ಘಟಕ ಕೊಳ್ಳುವ ಮುನ್ನವೇ ಇದನ್ನು ಕೇಳಿ ತಿಳಿಯಿರಿ.

ಈ ಕ್ರಮದಲ್ಲಿ ನಿಮ್ಮ ಪಾಲೂ ಇದೆ. ಹಾಲನ್ನು ಗೊತ್ತಾದ ವೇಳೆಗೆ ತನ್ನಿ. ನಾಲ್ಕು ಜನ ತಡಮಾಡಿದರೆ ಜನರೇಟರ್ ಮತ್ತೊಮ್ಮೆ ಓಡಬೇಕಾಗುತ್ತದೆ, ಆ ಡೀಸೆಲ್ಲಿನ ಹಣ ಎಲ್ಲರ ಬೋನಸ್ಸಿನಿಂದಲೇ ಹೋಗುತ್ತದೆ. ಕಳೆದ ತಿಂಗಳು ಎಷ್ಟು ಲೀಟರ್ ಡೀಸೆಲ್ ಖರ್ಚಾಯಿತೆಂದು ನಿಮ್ಮ ಸಂಘದ ಸಭೆಯಲ್ಲಿ ತಪ್ಪದೇ ಕೇಳಿ.